ಒಡ್ಡಿನ ಮ್ಯಾಲ ನಿಲ್ಲೋದು ಬಿಟ್ಟು ಸಾಲಿಗೆ ಇಳಿಯೋಣ



"ತಾ ಮಾಡಿದ್ದು ಉತ್ತಮ, ಮಗ ಮಾಡಿದ್ದು ಮಧ್ಯಮ, ಆಳು ಮಾಡಿದ್ದು ಹಾಳು" ಅಂತ ಗಾದೆ ಐತಿ. ಇದನ್ನು ಕೇಳದ ರೈತನಿಲ್ಲ. ಈಗಂತೂ ಲಿಂಗಸುಗೂರಿನ ಚಾದಂಗಡಿಯಲ್ಲಿ ಕುಂತರೂ, ಮಸ್ಕಿ ಸಂತಿಗೆ ಹೋದರೂ, ಊರ ಕಟ್ಟೆ ಮ್ಯಾಲ ಕುಂತರೂ ಒಂದೇ ಮಾತು: "ಆಳು ಸಿಗವಲ್ರು, ಸಿಕ್ಕರ ದುಡಿಯವಲ್ರು." ಈ ಮಾತಿನಲ್ಲಿ ಮೊದಲ ಅರ್ಧ ಖರೆ. ಎರಡನೇ ಅರ್ಧದ ಬಗ್ಗೆ ನನ್ನ ತಕರಾರಿದೆ.

ಆಳು ದುಡಿಯುವುದು ಬಿಡುವುದು ಆತನ ಗುಣದ ಮ್ಯಾಲ ಮಾತ್ರ ನಿಂತಿಲ್ಲ. ಆತನ ಎಡಕ್ಕೆ ಬಲಕ್ಕೆ ಯಾರಿದ್ದಾರೆ, ಹಿಂದೆ ನಿಂತು ನೋಡುವವರು ಯಾರು, ಕೆಲಸ ಹಳೇದೋ ಹೊಸದೋ, ಆತನ ಪಾಲಿನ ಕೆಲಸ ಬ್ಯಾರೆಯಾಗಿ ಕಣ್ಣಿಗೆ ಕಾಣುತ್ತದೋ ಇಲ್ಲೋ, ಇವೆಲ್ಲ ಸೇರಿ ಕೈಯ ಜೋರು ನಿರ್ಧಾರ ಆಗುತ್ತದೆ. ಇದು ಆಳಿಗಷ್ಟೇ ಅಲ್ಲ, ಮಾಲಕನಿಗೂ ಅಷ್ಟೆ, ಎತ್ತಿಗೂ ಅಷ್ಟೆ. ಇದನ್ನು ತಿಳಕೊಂಡು ಕೆಲಸ ಹಂಚಿದರೆ ಅವೇ ಕೈಗಳಿಂದ ಹೆಚ್ಚು ಕೆಲಸ, ಚಲೋ ಕೆಲಸ ಆಗುತ್ತದೆ ಎಂದು ಹೇಳಲಿಕ್ಕೆ ಇದನ್ನು ಬರೆಯುತ್ತಿದ್ದೇನೆ.

ನಾನು ಏಳನೇತ್ತೆ ತನಕ ಸಾಲಿ ಕಲಿತವ. ಲಿಂಗಸುಗೂರು ತಾಲ್ಲೂಕಿನಲ್ಲಿ ಮಳೆ ನಂಬಿದ ಹೊಲ. ಒಂದಷ್ಟು ಎರಿ, ಒಂದಷ್ಟು ಮಸಾರಿ. ಮುಂಗಾರಿಗೆ ತೊಗರಿ, ಸಜ್ಜೆ, ಹತ್ತಿ. ಹಿಂಗಾರಿಗೆ ಬಿಳಿಜೋಳ, ಕಡಲೆ. ನಮ್ಮ ಹೊಲಕ್ಕೆ ಆಳು ಕರೀತೇವೆ. ನಮ್ಮಲ್ಲಿ ಕೆಲಸ ಇಲ್ಲದಾಗ ಮನೆಯವರು ಮಂದಿ ಹೊಲಕ್ಕೆ ಹೋಗ್ತೇವೆ. ಹೀಗಾಗಿ ಒಡ್ಡಿನ ಮ್ಯಾಲ ನಿಂತವನ ಕಣ್ಣೂ ಗೊತ್ತು, ಸಾಲಿನಲ್ಲಿ ಬಗ್ಗಿದವನ ಬೆನ್ನೂ ಗೊತ್ತು.

ಕಸ ತೆಗೆಯುವ ಸಾಲು

ಹತ್ತಿ ಹೊಲದಲ್ಲಿ ಕಸ ತೆಗೆಯುವುದನ್ನು ನೋಡ್ರಿ. ಒಬ್ಬಾಕೆಯನ್ನೇ ಬಿಟ್ಟರೆ ಎರಡು ತಾಸಿನಲ್ಲಿ ಬ್ಯಾಸರ. ಇನ್ನೂ ಎಷ್ಟು ಉಳಿದೈತಿ ಅಂತ ಎದ್ದೆದ್ದು ನೋಡುವುದೇ ಕೆಲಸ. ಅದೇ ಆರು ಮಂದಿ ಹೆಣ್ಣುಮಕ್ಕಳು ಒಬ್ಬೊಬ್ಬರು ಒಂದೊಂದು ಸಾಲು ಹಿಡಿದು ಹೊರಟರೆ ಹೊಲ ಸರಸರ ಹಿಂದೆ ಸರಿಯುತ್ತದೆ. ಹಿಂದೆ ಬಿದ್ದಾಕೆಗೆ ಯಾರೂ ಹೇಳಬೇಕಾಗಿಲ್ಲ. ಪಕ್ಕದಾಕೆಯ ಬೆನ್ನು ಕಂಡರೆ ಸಾಕು, ಕುರ್ಪಿ ತಾನೇ ಜೋರಾಗುತ್ತದೆ. ವಯಸ್ಸಾದಾಕೆಯನ್ನು ನಡುವೆ ಹಾಕಿಕೊಳ್ಳುತ್ತಾರೆ. ಮುಂದೆ ಹೋದಾಕೆ ತನ್ನ ಸಾಲು ಮುಗಿಸಿ ತಿರುಗಿ ಬಂದು ಹಿಂದಿನಾಕೆಗೆ ಕೈಗೂಡಿಸುತ್ತಾಳೆ. ಮಾತು, ನಗು, ಹಾಡು ಎಲ್ಲ ನಡೆದೇ ಇರುತ್ತದೆ, ಕೈ ನಿಲ್ಲುವುದಿಲ್ಲ.

ಇಲ್ಲಿ ಮಾಲಕ ಮಾಡಿದ್ದೇನು? ಏನೂ ಇಲ್ಲ. ಸಾಲು ಬ್ಯಾರೆ ಬ್ಯಾರೆ ಇದ್ದದ್ದು, ಕೆಲಸ ಎಲ್ಲರಿಗೂ ಬರುವಂಥದ್ದು, ಪಕ್ಕದಲ್ಲಿ ತನ್ನಂಥವರೇ ಇದ್ದದ್ದು, ಇವು ಮೂರೇ ಕಾರಣ.

ನನ್ನ ಅಣ್ಣನ ಮಗಳು ಮಾಸ್ತರಕಿ ಕಲಿತಾಳ. ಆಕೆಯ ಓದಿನಲ್ಲಿ ಇದರದ್ದೇ ಒಂದು ಪಾಠ ಐತಂತ. ಆಕೆ ಹೇಳಿದ್ದನ್ನು ನನ್ನ ಮಾತಿನಲ್ಲಿ ಬರೆಯುತ್ತೇನೆ. ಅಮೆರಿಕದಲ್ಲಿ ನಾರ್ಮನ್ ಟ್ರಿಪ್ಲೆಟ್ ಎಂಬುವರು ಸೈಕಲ್ ಪಂದ್ಯದ ಲೆಕ್ಕ ತೆಗೆದು ನೋಡಿದರು. ಒಬ್ಬನೇ ಗಡಿಯಾರದ ಮುಂದೆ ತುಳಿದದ್ದಕ್ಕಿಂತ ಜತೆಗೆ ಇನ್ನೊಬ್ಬ ಇದ್ದಾಗ ಸವಾರ ಜೋರು ಹೋಗಿದ್ದ. ಆಮೇಲೆ ಅವರು 40 ಮಕ್ಕಳ ಕೈಗೆ ಮೀನಿನ ಗಾಣದ ದಾರ ಸುತ್ತುವ ರಾಟೆ ಕೊಟ್ಟು, ಒಮ್ಮೆ ಒಂಟಿಯಾಗಿ, ಒಮ್ಮೆ ಜೋಡಿಯಾಗಿ ತಿರುಗಿಸಲು ಹೇಳಿದರು. 20 ಮಕ್ಕಳು ಜೋಡಿ ಇದ್ದಾಗ ಜೋರು ತಿರುಗಿಸಿದರು. 10 ಮಕ್ಕಳಿಗೆ ಹೆಚ್ಚೇನೂ ಫರಕು ಆಗಲಿಲ್ಲ. ಉಳಿದ 10 ಮಕ್ಕಳು ಗಡಿಬಿಡಿಯಾಗಿ ಮೊದಲಿಗಿಂತ ಹಿಂದೆ ಬಿದ್ದರು. ಇದು 1898ರಲ್ಲಿ ಅಚ್ಚಾದ ವಿಷಯ.

ಆ ಕೊನೆಯ 10 ಮಕ್ಕಳನ್ನು ನಾವು ಮರೆಯಬಾರದು. ನಮ್ಮ ಹೊಲದ ಎಷ್ಟೋ ನಷ್ಟ ಅವರಂತೆ ಗಡಿಬಿಡಿಗೆ ಬಿದ್ದವರಿಂದಲೇ ಆಗುತ್ತದೆ.

ಪಳಗಿದ ಎತ್ತು, ಪಳಗದ ಹೋರಿ

ಕಾರ ಹುಣ್ಣಿಮೆ ದಿನ ಊರ ಅಗಸಿ ಮುಂದೆ ಕರಿ ಹರಿಯುವುದನ್ನು ಎಲ್ಲರೂ ನೋಡಿದ್ದೀರಿ. ಬಿಳಿ ಎತ್ತು ಮುಂದಾದರೆ ಬಿಳಿಜೋಳದಂಥ ಬಿಳಿ ಬೆಳೆ ಚಲೋ, ಕೆಂದ ಎತ್ತು ಮುಂದಾದರೆ ಕೆಂಪು ಬೆಳೆ ಚಲೋ ಅನ್ನುತ್ತಾರೆ. ಆ ಮಾತು ಇರಲಿ. ನಾನು ನೋಡುವುದು ಎತ್ತಿನ ನಡತೆ. ನಾಲ್ಕು ವರ್ಷ ಕರಿ ಹರಿದ ಎತ್ತು ಹಲಗಿ ಸಪ್ಪಳ, ಮಂದಿ ಕೂಗು ಕೇಳಿದರೆ ಮನೆಯಲ್ಲಿ ಎಂದೂ ಓಡದ ಓಟ ಓಡುತ್ತದೆ. ಅದೇ ಸಪ್ಪಳ, ಅದೇ ಮಂದಿ. ಮೊದಲ ಸಲ ಬಂದ ಹೋರಿ ದಾರಿ ಬಿಟ್ಟು ಅಡ್ಡ ನುಗ್ಗುತ್ತದೆ, ಹಗ್ಗ ಹಿಡಿದವನನ್ನೇ ಕೆಡವುತ್ತದೆ. ಮಂದಿ ಒಂದೇ, ಫಲ ಎರಡು.

ಇದನ್ನೇ 1965ರಲ್ಲಿ ರಾಬರ್ಟ್ ಝಾಯಾನ್ಸ್ ಎಂಬ ಪಂಡಿತರು ಒಂದು ನಿಯಮವಾಗಿ ಹೇಳಿದರು. ಕೈಗೆ ಕೂತ ಕೆಲಸವನ್ನು ಮಂದಿ ಎದುರು ಮಾಡಿದರೆ ಅದು ಇನ್ನೂ ಚಲೋ ಆಗುತ್ತದೆ. ಇನ್ನೂ ಕೈಗೆ ಕೂಡದ ಹೊಸ ಕೆಲಸವನ್ನು ಮಂದಿ ಎದುರು ಮಾಡಿದರೆ ಕೆಡುತ್ತದೆ. ಅವರು 1969ರಲ್ಲಿ ಜಿರಳೆ ಇಟ್ಟುಕೊಂಡು ಇದನ್ನು ಪರೀಕ್ಷೆ ಮಾಡಿದರಂತೆ. ನೆಟ್ಟಗಿನ ದಾರಿಯಲ್ಲಿ ಬೇರೆ ಜಿರಳೆಗಳು ನೋಡುತ್ತಿದ್ದರೆ ಓಡುವ ಜಿರಳೆ ಜೋರು ಓಡಿತು. ತಿರುವಿನ ದಾರಿ ಹುಡುಕಬೇಕಾದಾಗ ನೋಡುವ ಜಿರಳೆಗಳಿದ್ದರೆ ತಡ ಮಾಡಿತು. ಜಿರಳೆಗೇ ಹಂಗಾದರೆ ಮನುಷ್ಯನ ಪಾಡು ಕೇಳಬ್ಯಾಡ್ರಿ.

ನಮ್ಮ ಹಿರೇರಿಗೆ ಜಿರಳೆ ಲೆಕ್ಕ ಗೊತ್ತಿರಲಿಲ್ಲ, ಕೆಲಸದ ಲೆಕ್ಕ ಗೊತ್ತಿತ್ತು. ಕೂರಿಗೆ ಹಿಡಿಯಲು ಕಲಿಯುವ ಹುಡುಗನನ್ನು ರಸ್ತೆ ಬದಿಯ ಹೊಲಕ್ಕೆ ಬಿಡುತ್ತಿರಲಿಲ್ಲ. ಒಳಗಿನ ಹೊಲದಲ್ಲಿ, ಮೂಲೆಯಲ್ಲಿ ನಾಲ್ಕು ಸಾಲು ಬಿಟ್ಟು ಕಲಿಸುತ್ತಿದ್ದರು. ಕೂರಿಗೆ ಕೆಲಸ ಹೆಂಥಾದ್ದು ಅಂದರೆ, ಇವತ್ತು ಮಾಡಿದ ತಪ್ಪು ಎಂಟು ದಿನ ಬಿಟ್ಟು ಮೊಳಕೆ ಎದ್ದ ಮ್ಯಾಲ ಕಾಣುತ್ತದೆ. ಸಾಲು ಸೊಟ್ಟ, ನಡುವೆ ಖಾಲಿ. ಕೊಯ್ಯುವ ತನಕ ದಾರಿ ಹೋಕರೆಲ್ಲ "ಇದು ಯಾರ ಬಿತ್ತಿಗೆ?" ಅಂತ ಕೇಳುತ್ತಾರೆ. ಆ ನಾಚಿಕೆಯಲ್ಲಿ ಹುಡುಗ ಮತ್ತೆ ಕೂರಿಗೆ ಮುಟ್ಟಲಿಕ್ಕಿಲ್ಲ. ಅದಕ್ಕೇ ಮೊದಲು ಮರೆಯಲ್ಲಿ ಕಲಿಸುವುದು, ಆಮೇಲೆ ನಾಲ್ಕು ಮಂದಿ ನಡುವೆ ಬಿಡುವುದು. ಮುದಗಲ್ ಮೊಹರಂನಲ್ಲಿ ಹೆಜ್ಜೆ ಹಾಕುವ ಹುಡುಗರಾದರೂ ಅಷ್ಟೆ. ತಮ್ಮ ಓಣಿಯಲ್ಲಿ ಹೆಜ್ಜೆ ಕೂಡಿಸಿಕೊಂಡ ಮ್ಯಾಲೇ ಆ ಜನಸಾಗರದ ಮುಂದೆ ನಿಲ್ಲುವುದು. ಕಾಲಿಗೆ ಹೆಜ್ಜೆ ಬಂದವನಿಗೆ ಜನ ಹೆಚ್ಚಾದಷ್ಟೂ ಹುರುಪು.

ಇದನ್ನು ನಾವೀಗ ಮರೆತಿದ್ದೇವೆ. ಹೊಸ ಪದ್ಧತಿ ಅಂದರೆ ನೂರು ಮಂದಿ ಕೂಡಿಸಿ, ಶಾಮಿಯಾನ ಹಾಕಿ, ಒಬ್ಬ ರೈತನನ್ನು ಎಬ್ಬಿಸಿ "ನೀವು ಮಾಡಿ ತೋರಿಸ್ರಿ" ಅನ್ನುತ್ತಾರೆ. ತೊಗರಿ ಕುಡಿ ಚಿವುಟುವುದಿರಲಿ, ಕಡಲೆ ಬೀಜಕ್ಕೆ ಜೀವಾಣು ಗೊಬ್ಬರ ಲೇಪಿಸುವುದಿರಲಿ, ಮಾಡಿ ರೂಢಿ ಆದರೆ ಸರಳ. ಮೊದಲ ಸಲ ಮಂದಿ ಎದುರು ಮಾಡುವಾಗ ಕೈ ನಡುಗುತ್ತದೆ, ನಾಲ್ಕು ಜನ ನಗುತ್ತಾರೆ. ನಕ್ಕವರೂ ಮನೆಗೆ ಹೋಗಿ ಮಾಡುವುದಿಲ್ಲ, ನಗಿಸಿಕೊಂಡವನೂ ಮಾಡುವುದಿಲ್ಲ. ಆ ಪದ್ಧತಿ ಕೆಟ್ಟದ್ದು ಅಂತ ಹೆಸರು ಬರುತ್ತದೆ. ಪದ್ಧತಿ ಕೆಟ್ಟಿದ್ದಲ್ಲ, ಕಲಿಸಿದ ಜಾಗ ಕೆಟ್ಟಿದ್ದು.

ಹಗ್ಗ ಎಳೆಯುವ ಲೆಕ್ಕ

ಇನ್ನು ಕೂಡಿ ಮಾಡಿದರೆ ಕೆಲಸ ಕಡಿಮೆ ಆಗುವುದೂ ಉಂಟು. ಇದನ್ನು ಕಂಡುಹಿಡಿದವರು ನಮ್ಮ ಕಸುಬಿಗೆ ಹತ್ತಿರದವರೇ. ಫ್ರಾನ್ಸ್ ದೇಶದ ಮ್ಯಾಕ್ಸ್ ರಿಂಗೆಲ್‌ಮನ್, ಬೇಸಾಯದ ಯಂತ್ರಗಳ ಇಂಜಿನಿಯರ್. ಎತ್ತು, ಕುದುರೆ, ಮನುಷ್ಯ, ಯಂತ್ರ, ಯಾವುದರಿಂದ ಎಷ್ಟು ಕೆಲಸ ಆಗುತ್ತದೆ ಎಂದು ಅಳೆಯುವುದು ಅವರ ಉದ್ಯೋಗ. ಅವರು 1880ರ ದಶಕದಲ್ಲಿ ಮಾಡಿದ ಪರೀಕ್ಷೆಗಳನ್ನು 1913ರಲ್ಲಿ ಅಚ್ಚು ಮಾಡಿಸಿದರು. ಒಬ್ಬನೇ ಎಳೆದಾಗಿನ ಜೋರನ್ನು 100 ಅಂತ ಹಿಡಿದರೆ, ಇಬ್ಬರು ಕೂಡಿದಾಗ ಒಬ್ಬೊಬ್ಬರ ಜೋರು 93ಕ್ಕೆ ಇಳಿಯುತ್ತದೆ. ನಾಲ್ವರಾದಾಗ 77. ಎಂಟು ಮಂದಿ ಆದಾಗ 49. ಅಂದರೆ ಎಂಟು ಮಂದಿ ಕೂಡಿ ಮಾಡಿದ್ದು ಬಿಡಿಬಿಡಿಯಾಗಿ ನಾಲ್ವರು ಮಾಡುವಷ್ಟು ಮಾತ್ರ!

ಇದಕ್ಕೆ ಕಾರಣ ಎರಡು. ಒಂದು, ಎಲ್ಲರ ಜಗ್ಗು ಒಂದೇ ಸಲಕ್ಕೆ ಬೀಳುವುದಿಲ್ಲ. ಭಾರದ ಬಂಡೆ ಜಗ್ಗುವಾಗ "ಐಸಾ" ಅಂತ ಕೂಗುವುದು ಅದಕ್ಕೇ. ಎರಡು, "ಏಳು ಮಂದಿ ಜಗ್ಗಾಕ್ಹತ್ಯಾರ, ನಾ ಒಬ್ಬ ಸಡಲ ಬಿಟ್ಟರ ಏನಾತು" ಅಂತ ಕೈ ತನಗೆ ತಿಳಿಯದೇ ಸಡಿಲಾಗುತ್ತದೆ. 1974ರಲ್ಲಿ ಅಮೆರಿಕದಲ್ಲಿ ಕಣ್ಣು ಕಟ್ಟಿ ಪರೀಕ್ಷೆ ಮಾಡಿದರು. ಹಿಂದೆ ಇದ್ದವರು ಎಳೆಯುವ ನಾಟಕ ಮಾಡುತ್ತಿದ್ದರು, ಎಳೆಯುತ್ತಿದ್ದವನು ಮುಂದಿನವ ಒಬ್ಬನೇ. ಆದರೂ ಹಿಂದೆ ಜನ ಇದ್ದಾರೆ ಅಂದುಕೊಂಡ ಕೂಡಲೇ ಆತನ ಜೋರು ಕಡಿಮೆ ಆಯಿತು. ಆತ ಸೋಮಾರಿ ಅಲ್ಲ, ಮೋಸಗಾರನೂ ಅಲ್ಲ. ಮನುಷ್ಯನ ಸ್ವಭಾವವೇ ಹಂಗ. ಮುಂದೆ 1981ರ ಹೊತ್ತಿಗೆ ಇನ್ನೊಂದು ತಿಳಿಯಿತು: ಗುಂಪಿನಲ್ಲಿದ್ದರೂ ಒಬ್ಬೊಬ್ಬನ ಪಾಲು ಬ್ಯಾರೆಯಾಗಿ ಅಳೆಯುತ್ತಾರೆ ಎಂದು ಗೊತ್ತಿದ್ದರೆ ಈ ಸಡಿಲಿಕೆ ಹೋಗುತ್ತದೆ.

ಈಗ ನಮ್ಮ ಹೊಲಕ್ಕೆ ಬರ್ರಿ. ಹತ್ತು ಮಂದಿಗೆ "ಈ ಒಡ್ಡು ಹಾಕ್ರಿ" ಅಂತ ಹೇಳಿ ಬಿಟ್ಟರೆ ಮೂವರು ಅಗೆಯುತ್ತಾರೆ, ಮೂವರು ಪುಟ್ಟಿ ತುಂಬುತ್ತಾರೆ, ಉಳಿದವರು ಪಾಳಿ ಕಾಯುತ್ತಾರೆ. ಅದೇ ಒಡ್ಡಿಗೆ ಕೋಲು ಹಿಡಿದು ಅಳತೆ ಹಾಕಿ, ಸುಣ್ಣದ ಗೆರೆ ಎಳೆದು, ಇಬ್ಬಿಬ್ಬರಿಗೆ ಇಷ್ಟಿಷ್ಟು ಅಂತ ತೋರಿಸ್ರಿ. ಸಂಜಿಗೆ ಬಂದು ನೋಡ್ರಿ. ಆಳು ಅವೇ, ಕೂಲಿ ಅದೇ, ಒಡ್ಡು ಮಾತ್ರ ಮುಂದೆ ಹೋಗಿರುತ್ತದೆ. ಕಸ ತೆಗೆಯುವ ಕೆಲಸಕ್ಕೆ ದೇವರೇ ಸಾಲು ಹಾಕಿಕೊಟ್ಟಾನ. ಒಡ್ಡು, ಕೃಷಿಹೊಂಡ, ಗೊಬ್ಬರ ಹೇರುವುದು ಇವಕ್ಕೆ ಸಾಲು ನಾವೇ ಹಾಕಬೇಕು.

ಅಳತೆಯ ಬಗ್ಗೆ ಒಂದು ಎಚ್ಚರ

ಹಂಗಂತ ಎಲ್ಲವನ್ನೂ ತೂಕಕ್ಕೆ, ಗುತ್ತಿಗೆಗೆ ಹಾಕಿದರೆ ಆಗುವುದಿಲ್ಲ. ಮನುಷ್ಯ ಯಾವುದನ್ನು ಅಳೀತಾರೋ ಅದನ್ನು ಮಾಡುತ್ತಾನೆ, ಅಳೆಯದ್ದನ್ನು ಬಿಡುತ್ತಾನೆ. ಹತ್ತಿ ಬಿಡಿಸುವುದನ್ನು ಕಿಲೋ ಲೆಕ್ಕಕ್ಕೆ ಕೊಡುತ್ತೇವೆ. ಒಬ್ಬೊಬ್ಬರ ಗಂಟು ಬ್ಯಾರೆ ತೂಗುತ್ತದೆ, ಪೈಪೋಟಿ ಹುಟ್ಟುತ್ತದೆ, ಹತ್ತಿ ಬೇಗ ಮನೆಗೆ ಬರುತ್ತದೆ. ಆದರೆ ಇಬ್ಬನಿ ಆರುವ ಮೊದಲೇ ಬಿಡಿಸಿದರೆ ಹಸಿ ಹತ್ತಿ ಹೆಚ್ಚು ತೂಗುತ್ತದೆ. ಎಲೆ, ಕಾಯಿ ಸಿಪ್ಪೆ ಕೂಡಿ ಬಂದರೂ ತೂಗುತ್ತದೆ. ರಾಯಚೂರು ಮಾರುಕಟ್ಟೆಯಲ್ಲಿ ಕಸ, ಹಸಿ ಅಂತ ದರ ಮುರಿದಾಗ ಅನುಭವಿಸುವವ ರೈತ. ಸಿಂಧನೂರು ಕಡೆ ಕಾಲುವೆ ಗದ್ದೆಗಳಿಗೆ ನಮ್ಮ ಒಣಭೂಮಿ ಊರಿನ ಹೆಣ್ಣುಮಕ್ಕಳು ಭತ್ತ ಹಚ್ಚಲು ಹೋಗುತ್ತಾರೆ. ಎಕರೆಗೆ ಇಷ್ಟು ಅಂತ ಗುತ್ತಿಗೆ. ಅಲ್ಲಿ ಎಕರೆ ಅಳೀತಾರೆ, ಸಸಿಯಿಂದ ಸಸಿಗೆ ಅಂತರ ಅಳೆಯುವುದಿಲ್ಲ. ಅಂತರ ದೂರವಾದರೆ ಯಾರನ್ನು ಬೈಯಬೇಕು?

ಆದ್ದರಿಂದ ತೂಕದ ಜತೆಗೆ ಶುಚಿಯನ್ನೂ ನೋಡಬೇಕು. ಶುದ್ಧ ಹತ್ತಿ ಬಿಡಿಸಿದಾಕೆಗೆ ಕಿಲೋಗೆ ಸ್ವಲ್ಪ ಹೆಚ್ಚು ಕೊಡುತ್ತೇನೆ ಎಂದು ಎಲ್ಲರ ಮುಂದೆ ಹೇಳಿ, ಎಲ್ಲರ ಮುಂದೆ ಕೊಡ್ರಿ. ಹೆಚ್ಚು ಕೊಟ್ಟದ್ದು ಮಾರುಕಟ್ಟೆಯಲ್ಲಿ ತಿರುಗಿ ಬರುತ್ತದೆ. ಇನ್ನೊಂದು, ಹೊಗಳುವುದನ್ನು ಎಲ್ಲರ ಮುಂದೆ ಮಾಡ್ರಿ, ತಿದ್ದುವುದನ್ನು ಬದಿಗೆ ಕರೆದು ಮಾಡ್ರಿ. ಮಂದಿ ಎದುರು ಬೈಸಿಕೊಂಡವನ ಕೈ ಆ ದಿನ ಮತ್ತೆ ಸರಿ ಹೋಗುವುದಿಲ್ಲ.

ಯಾರ ಕಣ್ಣು?

ಇಲ್ಲಿ ಮುಖ್ಯ ಮಾತಿಗೆ ಬರುತ್ತೇನೆ. ನೋಡುವ ಕಣ್ಣುಗಳೆಲ್ಲ ಒಂದೇ ಅಲ್ಲ. ಕೊಡೆ ಹಿಡಿದು ಒಡ್ಡಿನ ಮ್ಯಾಲ ನಿಂತು ಕಾಯುವ ಕಣ್ಣು ಒಂದು. ಪಕ್ಕದ ಸಾಲಿನಲ್ಲಿ ಬಗ್ಗಿದವನ ಕಣ್ಣು ಇನ್ನೊಂದು. ಮೊದಲನೇ ಕಣ್ಣಿಗೆ ಆಳು ದುಡಿಯುವುದು ಆ ಕಣ್ಣು ಇರುವ ತನಕ. ಮಾಲಕ ನೀರು ಕುಡಿಯಲು ಗಿಡದ ನೆಳ್ಳಿಗೆ ಹೋದ ಕೂಡಲೇ ಕುರ್ಪಿ ನಿಲ್ಲುತ್ತದೆ. ಎರಡನೇ ಕಣ್ಣು ಹೊಲ ಬಿಟ್ಟು ಎಲ್ಲಿಗೂ ಹೋಗುವುದಿಲ್ಲ.

ಮಾಲಕ ತಾನೇ ಒಂದು ಸಾಲು ಹಿಡಿದರೆ ಮೊದಲನೇ ಕಣ್ಣು ಎರಡನೇ ಕಣ್ಣಾಗುತ್ತದೆ. ಕೆಲಸ ಎಷ್ಟು ಕಷ್ಟ ಅಂತ ಅವನಿಗೂ ತಿಳಿಯುತ್ತದೆ, ಎಷ್ಟು ಆಗಬಲ್ಲುದು ಅಂತ ಆಳಿಗೂ ತಿಳಿಯುತ್ತದೆ. "ಇಷ್ಟೇ ಆತೇನು?" ಅನ್ನುವ ಮಾತು ತಾನಾಗಿಯೇ ನಿಲ್ಲುತ್ತದೆ. ಸಣ್ಣ ರೈತರಾದ ನಮಗೆ ಇದು ಅವಮಾನವೇನೂ ಅಲ್ಲ. ನಮ್ಮ ಅಪ್ಪಂದಿರು ಹಂಗೇ ಮಾಡಿದ್ದು.

ಹಳೇ ಮುಯ್ಯಾಳು ಪದ್ಧತಿಯ ಗುಟ್ಟೂ ಇದೇ. ಇವತ್ತು ನಿಮ್ಮ ಹೊಲ, ನಾಳೆ ನಮ್ಮ ಹೊಲ. ಎಲ್ಲರೂ ಮಾಲಕರೇ, ಎಲ್ಲರೂ ಆಳುಗಳೇ. ಇವತ್ತು ನನ್ನ ಕೈ ಸಡಿಲಾದರೆ ನಾಳೆ ನನ್ನ ಹೊಲದಲ್ಲಿ ಅವರ ಕೈ ಸಡಿಲಾಗುತ್ತದೆ. ಲೆಕ್ಕ ಬರೆಯಬೇಕಾಗಿಲ್ಲ, ಎಲ್ಲರ ಮನಸ್ಸಿನಲ್ಲೂ ಇರುತ್ತದೆ. ಟ್ರ್ಯಾಕ್ಟರ್ ಬಂತು, ಕಳೆನಾಶಕ ಬಂತು, ಅರ್ಧ ಊರು ಬೆಂಗಳೂರು, ಪುಣೆ ಕಡೆ ಗುಳೆ ಹೋಯಿತು, ಮುಯ್ಯಾಳು ಕಡಿಮೆ ಆಯಿತು. ಹಳೇದೆಲ್ಲ ಹಂಗೇ ತಿರುಗಿ ಬರಲಿ ಅಂತ ನಾನು ಹೇಳುವುದಿಲ್ಲ. ಇಪ್ಪತ್ತು ಮನೆ ಕೂಡಬೇಕಾಗಿಲ್ಲ. ಹೊಲಕ್ಕೆ ಹೊಲ ಹತ್ತಿದ ನಾಲ್ಕೈದು ಮನೆ ಕೂಡಿದರೆ ಸಾಕು. ಕಸ ತೆಗೆಯುವುದು, ತೊಗರಿ ಕೊಯ್ಲು, ಜೋಳದ ಕೊಯ್ಲು ಈ ಮೂರು ಕೆಲಸಕ್ಕಾದರೂ ಮುಯ್ಯಿ ಮಾಡಿಕೊಂಡರೆ ಕೈಯಿಂದ ರೊಕ್ಕ ಹೋಗುವುದು ತಪ್ಪುತ್ತದೆ, ಆಳು ಹುಡುಕಿ ಮನೆ ಮನೆ ತಿರುಗುವುದೂ ತಪ್ಪುತ್ತದೆ.

ಕೆಲಸ ಕೂಡಿ, ವಿಚಾರ ಒಬ್ಬನೇ

ಕೊನೆಗೆ ಮಂದಿ ಕಣ್ಣಿನ ಕೆಟ್ಟ ಗುಣವನ್ನೂ ಹೇಳಬೇಕು. ಮೃಗಶಿರಾ ಮಳೆ ನಾಲ್ಕು ಹನಿ ಬಿದ್ದು, ಓಣಿಯಲ್ಲಿ ಒಬ್ಬ ಕೂರಿಗೆ ಹೊರಗೆ ತೆಗೆದರೆ ಸಾಕು, ಉಳಿದವರಿಗೆ ಮನೆಯಲ್ಲಿ ಕುಂದ್ರಲು ಆಗುವುದಿಲ್ಲ. ತನ್ನ ಹೊಲದಲ್ಲಿ ಹಸಿ ಎಷ್ಟು ಆಳಕ್ಕೆ ಇಳಿದೈತಿ ಅಂತ ಅಗೆದು ನೋಡುವುದಿಲ್ಲ. ಮಸಾರಿಗೆ ಸಾಕಾದ ಮಳೆ ಎರಿಗೆ ಸಾಕಾಗುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತು. ಆದರೂ ಬಿತ್ತುತ್ತಾರೆ. ಆಮೇಲೆ ಮಳೆ ಕೈ ಕೊಟ್ಟರೆ ಬೀಜ, ಗೊಬ್ಬರ, ಬಾಡಿಗೆ ಎಲ್ಲ ಮಣ್ಣಿಗೆ. ಎಣ್ಣೆ ಹೊಡೆಯುವುದರಲ್ಲೂ ಹಂಗೇ. ಪಕ್ಕದ ಹೊಲದಲ್ಲಿ ಪಂಪಿನ ಸಪ್ಪಳ ಕೇಳಿದರೆ ತನ್ನ ಗಿಡದಲ್ಲಿ ಹುಳ ಇಲ್ಲದಿದ್ದರೂ ಪ್ಯಾಟಿಗೆ ಓಟ.

ಇದಕ್ಕೂ ಒಂದು ಚಲೋ ದಾರಿ ಐತಿ. ಇಂಡೋನೇಷ್ಯಾದಲ್ಲಿ 1989ರಲ್ಲಿ ಭತ್ತದ ರೈತರ ಸಲುವಾಗಿ ಹೊಲದಲ್ಲೇ ಪಾಠಶಾಲೆ ಶುರು ಮಾಡಿದರು. ಸುಮಾರು 25 ರೈತರು, ಐದೈದು ಮಂದಿಯ ಗುಂಪು. ಮೊದಲು ಹೊಲಕ್ಕೆ ಇಳಿದು ಗಿಡ ನೋಡಿ ಹುಳ ಎಣಿಸುವುದು, ಕಂಡದ್ದನ್ನು ಹಾಳೆಯ ಮ್ಯಾಲ ಬರೆಯುವುದು. ಆಮೇಲೆ ಎಲ್ಲರೂ ಕೂಡಿ ಎಣ್ಣೆ ಬೇಕೋ ಬ್ಯಾಡೋ ಅಂತ ಮಾತಾಡುವುದು. ಮೊದಲು ಸ್ವಂತ ಕಣ್ಣು, ನಂತರ ಮಂದಿ ಮಾತು. ಈ ಪದ್ಧತಿ ನಮ್ಮ ದೇಶಕ್ಕೂ ಬಂತು. ಸರಕಾರ ಬಂದು ಮಾಡಿಸಲಿ ಅಂತ ಕಾಯಬೇಕಾಗಿಲ್ಲ. ಐದು ಮಂದಿ ರೈತರು ಸೋಮವಾರಕ್ಕೊಮ್ಮೆ ಒಬ್ಬರ ಹೊಲ ತಿರುಗಿದರೆ ಅದೇ ಪಾಠಶಾಲೆ.

ಒಟ್ಟಿನ ಮ್ಯಾಲ ನಾನು ಹೇಳುವುದು ಇಷ್ಟು:

1. ಹೊಸ ಕೆಲಸವನ್ನು ಮರೆಯಲ್ಲಿ, ಸಣ್ಣ ತುಂಡಿನಲ್ಲಿ ಕಲಿಯಬೇಕು. ರೂಢಿ ಆದ ಕೆಲಸವನ್ನು ಮಂದಿ ಕೂಡಿ ಮಾಡಬೇಕು.

2. ಕೂಡಿ ಮಾಡುವಾಗ ಒಬ್ಬೊಬ್ಬರ ಪಾಲು ಕಣ್ಣಿಗೆ ಕಾಣುವಂತೆ ಗೆರೆ ಹಾಕಬೇಕು. ದೊಡ್ಡ ಗುಂಪಿಗಿಂತ ಇಬ್ಬರು ಮೂವರ ಸಣ್ಣ ಗುಂಪು ಲೇಸು.

3. ಬರೀ ತೂಕ, ಬರೀ ಎಕರೆ ಅಳೆಯದೆ ಕೆಲಸದ ಹಸನನ್ನೂ ನೋಡಬೇಕು.

4. ಯಾವಾಗ ಬಿತ್ತಬೇಕು, ಯಾವಾಗ ಎಣ್ಣೆ ಹೊಡೆಯಬೇಕು ಎಂಬುದನ್ನು ತನ್ನ ಹೊಲ ನೋಡಿ ನಿರ್ಧಾರ ಮಾಡಬೇಕು, ಓಣಿ ನೋಡಿ ಅಲ್ಲ.

5. ಆಳನ್ನು ಬೈಯುವ ಮೊದಲು ನಾವು ಕೆಲಸ ಹಂಚಿದ ರೀತಿ ನೋಡಿಕೊಳ್ಳಬೇಕು.

ಕೂಲಿಗೆ ಬರುವವರು ನಮ್ಮ ಊರವರೇ, ಬಹಳಷ್ಟು ಮಂದಿ ನಮ್ಮಂಥ ತುಂಡು ಭೂಮಿಯವರೇ. ಅವರಿಗೆ "ಮೈಗಳ್ಳರು" ಅಂತ ಹೆಸರಿಟ್ಟು ನಾವು ಗಳಿಸುವುದೇನೂ ಇಲ್ಲ. ಬ್ಯಾಸರಾಗಿ ಅವರೂ ಗುಳೆ ಹೋದರೆ ಹೊಲ ಬೀಳು ಬೀಳುತ್ತದೆ.

ನಿಮ್ಮ ಊರಿನಲ್ಲಿ ಮುಯ್ಯಾಳು ಇನ್ನೂ ಉಳಿದೈತೇನು? ಎಷ್ಟು ಮನೆ ಕೂಡುತ್ತೀರಿ, ಯಾವ ಕೆಲಸಕ್ಕೆ, ಒಬ್ಬರಿಗೆ ಹೊಲ ಹೆಚ್ಚು ಇನ್ನೊಬ್ಬರಿಗೆ ಕಡಿಮೆ ಇದ್ದರೆ ಲೆಕ್ಕ ಹೆಂಗ ಸರಿ ಮಾಡುತ್ತೀರಿ? ಈ ಕೊನೆಯ ಪ್ರಶ್ನೆಗೇ ನಮ್ಮ ಕಡೆ ಮುಯ್ಯಿ ಮುರಿದು ಬೀಳುವುದು. ಇದಕ್ಕೆ ಪರಿಹಾರ ಕಂಡುಕೊಂಡ ರೈತರು ದಯಮಾಡಿ ಪತ್ರಿಕೆಗೆ ಬರೀರಿ. ಮುಂದಿನ ಮುಂಗಾರಿನೊಳಗೆ ಓದಲಿಕ್ಕೆ ಸಿಕ್ಕರೆ ನಾವು ಐದು ಮನೆಯವರು ಹಂಗೇ ಮಾಡಿ ನೋಡುತ್ತೇವೆ.